ಗುಡ್ಡ ಕಡಿಯದೆ ಕ್ರೀಡಾಂಗಣ ಕಟ್ಟೋಣ

ಹಾಕಿ ಕೊಡಗಿನ ಉಸಿರು. 1997ರಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ, 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಆಡಿದವು. 2023ರಲ್ಲಿ ಈ ಜಿಲ್ಲೆಗೆ ತನ್ನದೇ ವಿಶ್ವವಿದ್ಯಾಲಯ ಬಂತು. ಎರಡೇ ವರ್ಷಗಳಲ್ಲಿ, 2025ರಲ್ಲಿ, ಹಣದ ಕೊರತೆಯ ಕಾರಣ ಅದನ್ನೂ ಸೇರಿಸಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಲು ಸಚಿವ ಸಂಪುಟದ ಉಪಸಮಿತಿ ಶಿಫಾರಸು ಮಾಡಿತು. ಆಡಳಿತ ಯಾರದೇ ಇರಲಿ, ವಿದ್ಯಾರ್ಥಿಗಳು ಇಲ್ಲಿಯೇ ಇರುತ್ತಾರೆ. ಅವರಿಗೆ ಕ್ರೀಡೆ ಮತ್ತು ಆರೋಗ್ಯದ ಕೇಂದ್ರ ಬೇಕೇ ಬೇಕು.

ಆದರೆ ಹೇಗೆ ಕಟ್ಟುವುದು? 2018ರ ಆಗಸ್ಟಿನ ಭೂಕುಸಿತವನ್ನು ಮಡಿಕೇರಿ ಮರೆತಿಲ್ಲ. ಇಳಿಜಾರು ಕಡಿದು ಹೊಸ ಮೈದಾನ ಮಾಡುವ ಬದಲು ಇರುವ ಮೈದಾನಗಳನ್ನೇ ಸುಧಾರಿಸಬೇಕು. ಮಳೆಗಾಲದಲ್ಲಿ ಹೊರಗೆ ಆಡುವುದು ಕಷ್ಟ. ಗಾಳಿ-ಬೆಳಕು ಧಾರಾಳವಾಗಿರುವ ಒಳಾಂಗಣ ಅಗತ್ಯ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಂದರೆ 1000 ಚದರ ಮೀಟರ್ ಛಾವಣಿಯ ಮೇಲೆ ಸುಮಾರು 30 ಲಕ್ಷ ಲೀಟರ್ ನೀರು! ಅದರಲ್ಲಿ ಒಂದು ಪಾಲನ್ನು ತೊಟ್ಟಿಯಲ್ಲಿ ಹಿಡಿದಿಟ್ಟರೂ ಬೇಸಿಗೆಯಲ್ಲಿ ಶೌಚಾಲಯಕ್ಕೆ, ಮೈದಾನಕ್ಕೆ ಆಸರೆ. ಉಳಿದದ್ದು ಮಣ್ಣು ಕೊಚ್ಚದಂತೆ ಚರಂಡಿ ಸೇರಬೇಕು.

ಆರೋಗ್ಯವೆಂದರೆ ಜಿಮ್ ಮಾತ್ರವಲ್ಲ. ಪರೀಕ್ಷೆ, ಸಾಲ, ಒಂಟಿತನದಿಂದ ನೊಂದ ವಿದ್ಯಾರ್ಥಿ ಸಂಕೋಚವಿಲ್ಲದೆ ಬಂದು ಮಾತನಾಡಲು ಒಂದು ಕೋಣೆ, ಒಬ್ಬ ಆಪ್ತಸಲಹೆಗಾರರು ಬೇಕು. ಸಂಜೆ ಊರಿನ ಮಕ್ಕಳಿಗೂ ಹಿರಿಯರಿಗೂ ಬಾಗಿಲು ತೆರೆದಿರಲಿ.

ಸೃಷ್ಟಿಯು ನಮ್ಮೆಲ್ಲರ ಮನೆ ಎಂದು ಪೋಪ್ ಫ್ರಾನ್ಸಿಸ್ 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ನೆನಪಿಸಿದರು. ಸರಕಾರಕ್ಕೆ ಬುದ್ಧಿ ಹೇಳುವ ಮುನ್ನ ನಮ್ಮ ಶಾಲೆಗಳ ಮೈದಾನ, ಚರ್ಚ್ ಸಭಾಂಗಣಗಳ ಛಾವಣಿಯ ನೀರು ಎಲ್ಲಿಗೆ ಹರಿಯುತ್ತಿದೆ ಎಂದು ಈ ಮಳೆಗಾಲದಲ್ಲೇ ನೋಡೋಣ.