ಹಗ್ಗವಿಲ್ಲದ ಗಣಿಚರಿತ್ರೆ

ಕೋಲಾರದ ಚಿನ್ನದ ಗಣಿಗಳ ಚರಿತ್ರೆ ಬರೆಯುವವರು 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದುದನ್ನು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಹರಿದುದನ್ನು, ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮಿಗಿಲಾದ ಆಳ ಮುಟ್ಟಿದುದನ್ನು ತಪ್ಪದೆ ಹೇಳುತ್ತಾರೆ. ಅಷ್ಟು ಆಳಕ್ಕೆ ಮನುಷ್ಯರನ್ನು ಇಳಿಸಿ, ಅದಿರನ್ನು ಮೇಲೆತ್ತಿದ ಹಗ್ಗದ ಮಾತು ಮಾತ್ರ ಬರುವುದಿಲ್ಲ. ಇದು ಸಣ್ಣ ಲೋಪವಲ್ಲ.

1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ಮಾರಿಕುಪ್ಪದ ಬಳಿ ಕಂಡ ಗಣಿಗಳಲ್ಲಿ ಕಲ್ಲಿನ ಬುಟ್ಟಿ ಕೈಯಿಂದ ಕೈಗೆ ದಾಟಿ ಮೇಲೆ ಬರುತ್ತಿತ್ತು. ಹೆಂಗಸರು ಆ ಕಲ್ಲನ್ನು ಬಂಡೆಯ ಮೇಲೆ ಕುಟ್ಟಿ ಪುಡಿಮಾಡುತ್ತಿದ್ದರು. ಕೈಗಳ ಸಾಲು ಎಟುಕುವಷ್ಟೇ ಅಂಥ ಗಣಿಯ ಆಳ.

ಯುರೋಪಿನ ಗಣಿಗಳಿಗೂ ಮಿತಿಯಿತ್ತು. ನಾರಿನ ಹಗ್ಗ ತೇವಕ್ಕೆ ಕೊಳೆಯುತ್ತಿತ್ತು. ಕಬ್ಬಿಣದ ಸರಪಳಿ ಒಂದೇ ಕೊಂಡಿ ಮುರಿದರೂ ಮುನ್ಸೂಚನೆಯಿಲ್ಲದೆ ಕಡಿದು ಬೀಳುತ್ತಿತ್ತು. 1834ರಲ್ಲಿ ಜರ್ಮನಿಯ ಕ್ಲೌಸ್ತಾಲ್‌ನ ಗಣಿ ಅಧಿಕಾರಿ ವಿಲ್ಹೆಲ್ಮ್ ಆಲ್ಬರ್ಟ್ ನಾಲ್ಕು ಕಬ್ಬಿಣದ ತಂತಿಗಳಿಗೆ ಒಂದು ಎಳೆಯಂತೆ ಮೂರು ಎಳೆಗಳನ್ನು ಹೊಸೆಯಿಸಿ ಹಗ್ಗ ಮಾಡಿಸಿದನು. ಇಂಥ ಹಗ್ಗದಲ್ಲಿ ಒಂದು ತಂತಿ ತುಂಡಾದರೂ ಉಳಿದವು ಭಾರ ಹೊರುತ್ತವೆ. ತುಂಡಾದ ತಂತಿ ಕಣ್ಣಿಗೆ ಬಿದ್ದು ಎಚ್ಚರಿಸುತ್ತದೆ. ಕೋಲಾರದ ಆಳ ಸಾಧ್ಯವಾದುದು ತಂತಿಹಗ್ಗದಿಂದ. ಹಗ್ಗ ತನ್ನ ಭಾರವನ್ನೂ ತಾನೇ ಹೊರಬೇಕಾದುದರಿಂದ ಅಲ್ಲಿ ಶಾಫ್ಟುಗಳನ್ನು ಹಂತಹಂತವಾಗಿ ಇಳಿಸಬೇಕಾಯಿತು.

ಇದು ಪರದೇಶದ ಯಂತ್ರವಿದ್ಯೆ, ಕನ್ನಡದ ಅಧ್ಯಯನಕ್ಕೆ ಇದರಿಂದೇನು ಎಂಬ ವಾದ ನಿಲ್ಲದು. ನಾರು ಹೋಗಿ ಲೋಹ ಬಂದಿತು. ಹೊಸೆಯುವ ಕ್ರಿಯೆ ಹಾಗೆಯೇ ಉಳಿಯಿತು. ಎಳೆ, ಹುರಿ, ಹೊಸೆತ ಎಂಬ, ಕಪಿಲೆಬಾವಿಯ ರೈತನಿಗೂ ಗೊತ್ತಿದ್ದ ಮಾತುಗಳೇ ಆಲ್ಬರ್ಟನ ಹಗ್ಗವನ್ನು ವಿವರಿಸಲು ಸಾಕು. ಇಂದು ಪೀಣ್ಯದ ಮಗ್ಗುಲಿನ ರಾಜಗೋಪಾಲನಗರದಂಥ ಕಡೆ ಕಾರ್ಖಾನೆಗಳಲ್ಲಿ ಭಾರವೆತ್ತುವ ವೈರ್ ರೋಪಿನ ರಚನೆಯೂ ಇದೇ ತತ್ತ್ವದ್ದು. ಕಾರ್ಮಿಕನ ಕೈಯಲ್ಲಿ ದಿನವೂ ಇರುವ ವಸ್ತು ಚರಿತ್ರೆಕಾರನಿಗೆ ಕಾಣದಿದ್ದರೆ ದೋಷ ವಸ್ತುವಿನದಲ್ಲ.

2001ರ ಫೆಬ್ರವರಿ 28ರಂದು ಕೋಲಾರದ ಗಣಿಗಳು ಮುಚ್ಚಿದವು. ಅಲ್ಲಿ ದುಡಿದವರಲ್ಲಿ ಬಹುಮಂದಿ ತಮಿಳು ಮಾತಾಡುವ ದಲಿತ ಕುಟುಂಬಗಳವರು. ದಿನವೂ ಆ ಹಗ್ಗವನ್ನು ನಂಬಿ ಇಳಿದವರು, ಅದನ್ನು ಪರೀಕ್ಷಿಸಿ ಕಾಪಾಡಿದವರು ಈಗ ಮುಪ್ಪಾಗಿದ್ದಾರೆ. ಅವರು ಬಳಸಿದ ಪದಗಳನ್ನು, ಕಲಿತ ಎಚ್ಚರಗಳನ್ನು ಕೇಳಿ ಬರೆದುಕೊಳ್ಳುವುದು ಸಂಶೋಧಕರ ಮುಂದಿರುವ ಕೆಲಸ. ಅದನ್ನು ಮಾಡದೆ ಚಿನ್ನದ ತೂಕವನ್ನಷ್ಟೇ ಎಣಿಸಿದರೆ ಅದು ಕಂಪನಿಯ ಲೆಕ್ಕಪುಸ್ತಕವಾದೀತೇ ಹೊರತು ಗಣಿಯ ಚರಿತ್ರೆಯಾಗದು.