ಮಾಡೆಲಿಂಗ್ ಆಂಪ್ಲಿಫೈಯರ್ ಕೊಳ್ಳಬೇಕೆ, ಬೇಡವೆ?

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಹದಿಹರೆಯದ ಮಕ್ಕಳ ತಂದೆತಾಯಿಗಳು. ಅವರಲ್ಲೊಬ್ಬ ಈಚೆಗೆ ದೂರವಾಣಿಯಲ್ಲಿ ಕೇಳಿದ: "ಸಾರ್, ಮಗಳು ಎಲೆಕ್ಟ್ರಿಕ್ ಗಿಟಾರ್ ಕಲಿಯುತ್ತಿದ್ದಾಳೆ. ಮಾಡೆಲಿಂಗ್ ಆಂಪ್ಲಿಫೈಯರ್ ಬೇಕಂತೆ. ಗಿಟಾರಿನಷ್ಟೇ ಬೆಲೆ. ಅದೆಲ್ಲ ಬರೀ ನಕಲು ಅಂತ ಅಂಗಡಿಯಲ್ಲಿ ಯಾರೋ ಹೇಳಿದರು. ನೀವು ಫಿಸಿಕ್ಸ್ ಕಲಿಸಿದವರು, ಏನು ಮಾಡಲಿ?" ನಾನು ಗಿಟಾರ್ ವಾದಕನಲ್ಲ. ಆದರೆ ಈ ಪ್ರಶ್ನೆಯಲ್ಲಿ ಅರ್ಧ ಭೌತಶಾಸ್ತ್ರವೂ ಅರ್ಧ ಶಿಕ್ಷಣಶಾಸ್ತ್ರವೂ ಇರುವುದರಿಂದ ನನ್ನ ಅಭಿಪ್ರಾಯವನ್ನು ವಿವರವಾಗಿಯೇ ಬರೆಯುತ್ತಿದ್ದೇನೆ.

ಸಾಮಾನ್ಯ ಎಲೆಕ್ಟ್ರಿಕ್ ಗಿಟಾರಿಗೆ ವೀಣೆಗಿರುವಂತೆ ನಾದವನ್ನು ತುಂಬಿಕೊಡುವ ಟೊಳ್ಳು ಕೊಡವಿಲ್ಲ. ತಂತಿಯ ಕಂಪನವನ್ನು ಅಯಸ್ಕಾಂತವೂ ತಾಮ್ರದ ಸುರುಳಿಯೂ ಸೇರಿ ವಿದ್ಯುತ್ ಸಂಕೇತವನ್ನಾಗಿಸುತ್ತವೆ. ಅದನ್ನು ಹಿಗ್ಗಿಸಿ ಸ್ಪೀಕರಿಗೆ ಕೊಡುವುದು ಆಂಪ್ಲಿಫೈಯರ್. ಆದುದರಿಂದ ಅದನ್ನು ವಾದ್ಯದ ಅರ್ಧಭಾಗವೆಂದೇ ತಿಳಿಯಬೇಕು.

1950 ಮತ್ತು 60ರ ದಶಕಗಳಲ್ಲಿ ಈ ಕೆಲಸವನ್ನು ವಾಲ್ವ್‌ಗಳು ಮಾಡುತ್ತಿದ್ದವು. ಕಾದು ಕೆಂಪಾದ ಮೇಲಷ್ಟೇ ದನಿಗೂಡುತ್ತಿದ್ದ ವಾಲ್ವ್ ರೇಡಿಯೊ ನನ್ನ ವಯಸ್ಸಿನವರಿಗೆ ನೆನಪಿದ್ದೀತು. ಅಂಥ ವಾಲ್ವ್‌ಗಳನ್ನು ಬೆಂಗಳೂರಿನ ಬಿ.ಇ.ಎಲ್. ಕಾರ್ಖಾನೆಯೇ 1961ರಿಂದ ತಯಾರಿಸತೊಡಗಿತ್ತು. ವಾಲ್ವ್ ತನ್ನ ಶಕ್ತಿಯ ಮಿತಿಯನ್ನು ಮುಟ್ಟಿದಾಗ ಸಂಕೇತದ ಅಲೆಗಳ ತುದಿ ಥಟ್ಟನೆ ಕತ್ತರಿಸಿಹೋಗದೆ ದುಂಡಗೆ ಬಾಗುತ್ತದೆ. ಆಗ ಮೂಲ ಸ್ವರದೊಡನೆ ಅದರ ಎರಡು, ಮೂರು ಪಟ್ಟು ಆವೃತ್ತಿಯ ಸ್ವರಗಳೂ ಬೆರೆಯುತ್ತವೆ. ಎಂಜಿನಿಯರರ ಲೆಕ್ಕದಲ್ಲಿ ಇದು ದೋಷ. ರಾಕ್ ಸಂಗೀತಗಾರರಿಗೆ ಇದೇ ಗಿಟಾರಿನ ಕಂಠವಾಯಿತು.

ಮಾಡೆಲಿಂಗ್ ಆಂಪ್ಲಿಫೈಯರು ಸಂಕೇತವನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಅಳೆದು ಅಂಕಿಗಳನ್ನಾಗಿಸುತ್ತದೆ. ಇಂಥ ವಾಲ್ವ್ ಆಗಿದ್ದರೆ ಈ ಅಲೆಯನ್ನು ಹೇಗೆ ಬಾಗಿಸುತ್ತಿತ್ತು ಎಂದು ಲೆಕ್ಕ ಹಾಕಿ ಆ ಫಲಿತವನ್ನೇ ನುಡಿಸುತ್ತದೆ. ಅಮೆರಿಕದ ಲೈನ್ 6 ಸಂಸ್ಥೆ ಇಂಥ ಪೆಟ್ಟಿಗೆಯನ್ನು 1996ರಲ್ಲಿ ಮಾರುಕಟ್ಟೆಗೆ ತಂದಿತು. ಇಂದು ಹಲವು ಸಂಸ್ಥೆಗಳು ಸಣ್ಣದು ದೊಡ್ಡದು ಎಲ್ಲವನ್ನೂ ಮಾಡುತ್ತಿವೆ.

ಇನ್ನು ನಕಲು ಎಂಬ ಆಕ್ಷೇಪ. 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಅವರ ಅಂಗಡಿಯಲ್ಲಿ ತಯಾರಾದ ಮೊದಲ ಮಾರ್ಷಲ್ ಆಂಪ್ಲಿಫೈಯರು ಅಮೆರಿಕದ ಫೆಂಡರ್ ಬಾಸ್‌ಮನ್ ಎಂಬುದರ ಮಾದರಿಯನ್ನೇ ಅನುಸರಿಸಿತ್ತು. ಇಂದು ಅಸಲಿನಲ್ಲಿ ಅಸಲೆಂದು ಕೊಂಡಾಡುವುದೂ ಹೀಗೆ ಅನುಕರಣೆಯಿಂದಲೇ ಹುಟ್ಟಿತು. 2019ರಲ್ಲಿ ಫೆಂಡರ್ ಸಂಸ್ಥೆಯೇ ತನ್ನ ಪ್ರಸಿದ್ಧ ಟ್ವಿನ್ ರಿವರ್ಬ್‌ನ ಡಿಜಿಟಲ್ ರೂಪವನ್ನು ಹೊರತಂದಿತು. ವಾಲ್ವಿನದು ಸುಮಾರು 29 ಕಿಲೋ ತೂಗಿದರೆ ಇದು ಸುಮಾರು 15 ಕಿಲೋ. ಮೂಲವನ್ನು ಮಾಡಿದವರಿಗೇ ಇಲ್ಲದ ಮಡಿವಂತಿಕೆ ನಮಗೇಕೆ?

ನಮ್ಮ ಮನೆಗಳ ಮಟ್ಟಿಗಂತೂ ಮಾಡೆಲಿಂಗ್ ಪರವಾಗಿ ಬಲವಾದ ಕಾರಣವಿದೆ. ಹತ್ತು ಪಟ್ಟು ವಿದ್ಯುತ್ ಶಕ್ತಿಗೆ ಕಿವಿಗೆ ತೋರುವ ಗಟ್ಟಿತನ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಅಷ್ಟೆ. ಎಂದರೆ 10 ವ್ಯಾಟಿನ ಪೆಟ್ಟಿಗೆಯ ಅಬ್ಬರ 100 ವ್ಯಾಟಿನದರ ಹತ್ತನೆಯ ಒಂದು ಪಾಲಲ್ಲ, ಅರ್ಧ. ವಾಲ್ವಿನ ಆ ಮಾಗಿದ ದನಿ ಬರುವುದು ಅದನ್ನು ಜೋರಾಗಿ ದುಡಿಸಿದಾಗ. ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ, ಪಕ್ಕದ ಮನೆಯ ಹುಡುಗ ಪಿ.ಯು.ಸಿ. ಪರೀಕ್ಷೆಗೆ ಓದುತ್ತಿರುವಾಗ, ಅದು ಆಗುವ ಮಾತಲ್ಲ. ಮಾಡೆಲಿಂಗ್ ಪೆಟ್ಟಿಗೆ ಅದೇ ಬಗೆಯ ದನಿಯನ್ನು ಮೆಲ್ಲಗೆ, ಬೇಕಾದರೆ ಹೆಡ್‌ಫೋನಿನಲ್ಲಿ ಕೇಳಿಸಬಲ್ಲದು. ರಾತ್ರಿ ಒಂಬತ್ತಕ್ಕೂ ಅಭ್ಯಾಸ ಸಾಧ್ಯವಾಗುತ್ತದೆ.

ನನ್ನ ಆತಂಕ ಬೇರೆಯದು. ಜಾಹೀರಾತಿನಲ್ಲಿ ಮೊದಲು ಕಾಣುವುದು 'ಇಷ್ಟು ಬಗೆಯ ದನಿಗಳು' ಎಂಬ ಸಂಖ್ಯೆ. ಅವು ನೂರಿದ್ದರೂ ಹೊರಬರಬೇಕಾದುದು ಒಂದೇ ಪುಟ್ಟ ಸ್ಪೀಕರಿನಿಂದ. ಅದಕ್ಕಿಂತ ಮುಖ್ಯವಾಗಿ, ಕಲಿಯುವವರ ಗಮನ ಬೆರಳಿನಿಂದ ಗುಂಡಿಗಳಿಗೆ ಹೋಗುತ್ತದೆ. ಶಾಲೆಯಲ್ಲಿ ನಾಲ್ಕು ಬಣ್ಣದ ಪೆನ್ನು ತಂದ ಮಕ್ಕಳು ಅಂಚಿನ ಗೆರೆಗಳನ್ನು ಅಂದವಾಗಿ ಎಳೆಯುತ್ತಿದ್ದರು, ಲೆಕ್ಕಗಳು ಮಾತ್ರ ಅಲ್ಲೇ ಉಳಿಯುತ್ತಿದ್ದವು. ಮೇಲಾಗಿ ಕರ್ಕಶ ದನಿಯೂ ಪ್ರತಿಧ್ವನಿಯೂ ತಪ್ಪುಗಳನ್ನು ಮುಚ್ಚಿಹಾಕುತ್ತವೆ. ಸರಿಯಾಗಿ ಒತ್ತದ ತಂತಿ, ಏರುಪೇರಾದ ಮೀಟು ಕೇಳಿಸುವುದೇ ಇಲ್ಲ.

ಅನುಕರಣೆಯಿಂದ ಕಲಿಕೆಗೆ ಒಳಿತಾದ ಉದಾಹರಣೆ ನಮ್ಮಲ್ಲೇ ಇದೆ. ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ ಅವರು ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿಯನ್ನು ಸಂಗೀತ ಕಲಿಯುವ ಎಷ್ಟೋ ಮನೆಗಳಲ್ಲಿ ಕಾಣುತ್ತೇವೆ. ಅದು ಉಪಕಾರಿಯಾದುದು ಮಾಡುವ ಒಂದೇ ಕೆಲಸವನ್ನು ಬಿಡದೆ ಮಾಡುವುದರಿಂದ. ಕಲಿಯುವವನ ಕಿವಿಯನ್ನು ಅದು ಶ್ರುತಿಯ ಕಡೆಗೇ ತಿರುಗಿಸುತ್ತದೆ. ಮಾಡೆಲಿಂಗ್ ಪೆಟ್ಟಿಗೆಯನ್ನೂ ಹಾಗೆ ಬಳಸುವುದಾದರೆ ಕೊಳ್ಳಲು ಯೋಗ್ಯವೆಂಬುದು ನನ್ನ ನಿಲುವು.

ಅಂಗಡಿಗೆ ಮಗಳನ್ನೂ ಅವಳ ಗಿಟಾರನ್ನೂ ಕರೆದೊಯ್ಯಿರಿ. ಎಲ್ಲ ಅಲಂಕಾರಗಳನ್ನೂ ಆರಿಸಿ, ಶುದ್ಧವಾದ ಒಂದೇ ದನಿಯಲ್ಲಿ ಕಾಲು ಗಂಟೆ ನುಡಿಸಲಿ. ಅದು ಹಿತವಾಗಿದ್ದರೆ ಮಿಕ್ಕಿದ್ದನ್ನು ನೋಡಿ. ಮೆಲ್ಲಗೆ ಮೀಟಿದರೆ ಮೆಲ್ಲಗೆ, ಬಲವಾಗಿ ಮೀಟಿದರೆ ಬಲವಾಗಿ ನುಡಿಯುತ್ತದೆಯೆ? ಮುಖ್ಯ ಗುಂಡಿಗಳು ಪೆಟ್ಟಿಗೆಯ ಮೇಲೆಯೇ ಇವೆಯೆ, ಅಥವಾ ಎಲ್ಲಕ್ಕೂ ಮೊಬೈಲಿನ ಆ್ಯಪ್ ಬೇಕೆ? ಆ್ಯಪ್ ನಿಂತುಹೋದರೂ ಪೆಟ್ಟಿಗೆ ನುಡಿಯುವಂತಿರಬೇಕು. ಹೆಡ್‌ಫೋನಿನ ರಂಧ್ರ ಇರಲೇಬೇಕು. ಕೋಣೆಯಲ್ಲಿ ಗಟ್ಟಿಯಾಗಿ ನುಡಿಸುವುದಿದ್ದರೆ ಸ್ಪೀಕರ್ ಎಂಟು ಇಂಚಾದರೂ ಇದ್ದರೆ ಒಳ್ಳೆಯದು.

ಮನೆಯಲ್ಲಿ ಕಂಪ್ಯೂಟರ್ ಇದ್ದರೆ, ಗಿಟಾರನ್ನು ಅದಕ್ಕೆ ಜೋಡಿಸುವ ಸಣ್ಣ ಆಡಿಯೊ ಇಂಟರ್‌ಫೇಸ್, ಒಂದು ತಂತ್ರಾಂಶ ಮತ್ತು ಹೆಡ್‌ಫೋನ್‌ಗಳಲ್ಲೇ ಇದೇ ಕೆಲಸ ನಡೆದೀತು. ಮಗು ಕಲಿಯುತ್ತಿರುವುದು ಮರದ ಡಬ್ಬಿಯ ಅಕೂಸ್ಟಿಕ್ ಗಿಟಾರಾದರೆ ಮನೆಯ ಅಭ್ಯಾಸಕ್ಕೆ ಇದಾವುದೂ ಬೇಡ. ಆ ಹಣದಲ್ಲಿ ಗುರುಗಳಿಗೆ ಇನ್ನಷ್ಟು ತಿಂಗಳ ಶುಲ್ಕ ಕಟ್ಟಿ. ವೇದಿಕೆಯ ಮೇಲೆ ನುಡಿಸುವಷ್ಟು ಪಳಗಿದ ಮೇಲೆ ವಾಲ್ವಿನದು ಬೇಕೆನಿಸಿದರೆ, ಆಯ್ಕೆಯನ್ನು ಅವಳ ಕಿವಿಯೇ ಮಾಡಲಿ.

ಕೊಂಡು ತಂದ ಮೇಲೆ ಮೊದಲ ಆರು ತಿಂಗಳು ಶುದ್ಧ ದನಿಯೊಂದರಲ್ಲೇ ಅಭ್ಯಾಸ ನಡೆಯಲೆಂದು ಮಗಳೊಡನೆ ಒಪ್ಪಂದ ಮಾಡಿಕೊಳ್ಳಿ. ಭಾನುವಾರ ಅರ್ಧ ಗಂಟೆ ಉಳಿದ ದನಿಗಳೊಡನೆ ಆಟವಾಡಲು ಬಿಡಿ, ಅದೂ ಬೇಕು. ಅವಳಿಗೆ ನನ್ನ ಆಶೀರ್ವಾದಗಳು.