ಡಬ್ಬಿಯೊಳಗಿನ ಪೌರುಷ

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಇಂಥ ವಿಷಯವೇ ಎಂದು ಹುಬ್ಬೇರಿಸುವವರು ಇದ್ದಾರು. ಏರಿಸಲಿ. ನಮ್ಮ ವಿದ್ಯಾರ್ಥಿನಿಲಯದ ಕಿಟಕಿಗಳಲ್ಲಿ ಸಾಲುಗಟ್ಟಿ ನಿಂತಿರುವ ಡಬ್ಬಿಗಳೂ ಸೀಸೆಗಳೂ ಪಠ್ಯಪುಸ್ತಕಗಳಿಗಿಂತ ಹೆಚ್ಚು ಶ್ರದ್ಧೆಯಿಂದ ಬಳಕೆಯಾಗುತ್ತಿವೆ. ಅವುಗಳೊಳಗೆ ಏನಿದೆ, ಅದು ನಮ್ಮ ಲೈಂಗಿಕ ಆರೋಗ್ಯಕ್ಕೆ ಏನು ಮಾಡೀತು ಎಂದು ಕೇಳುವುದು ಅಸಭ್ಯವಾದರೆ, ಕೇಳದೆ ನುಂಗುವುದು ಯಾವ ಸಭ್ಯತೆ?

ಹಿಂದೆ ಗರಡಿಮನೆಯ ಪೈಲ್ವಾನನು ಸಾಮು ಮಾಡಿ, ಹಾಲು ಕುಡಿದು, ನೆನೆಸಿದ ಕಡಲೆ ತಿಂದು ಮೈ ಬೆಳೆಸುತ್ತಿದ್ದನು. ಅದಕ್ಕೆ ವರ್ಷಗಳೇ ಹಿಡಿಯುತ್ತಿದ್ದವು. ಇಂದಿನ ಜಿಮ್ಮಿನ ತರುಣನಿಗೆ ಅಷ್ಟು ವ್ಯವಧಾನವೆಲ್ಲಿ? ಪ್ರೋಟೀನ್ ಪುಡಿಯನ್ನು ನಾನು ದೂರುವುದಿಲ್ಲ. ಹಾಲು ಒಡೆದಾಗ ಉಳಿಯುವ ತಿಳಿನೀರಿನ ಸಾರವದು, ಕಲಬೆರಕೆಯಿಲ್ಲದಿದ್ದರೆ ಪುರುಷತ್ವಕ್ಕೆ ಅದರಿಂದ ಕುಂದಿಲ್ಲ. ಕಷ್ಟವೆಲ್ಲ ಇರುವುದು ಪುಡಿಯ ಹಿಂದಿನಿಂದ ಬರುವ ಸೂಜಿಯಲ್ಲಿ, 'ಬೇಗ ಮೈ ಬರುತ್ತದೆ' ಎಂದು ಪಿಸುಗುಟ್ಟಿ ಕೊಡುವ ಸ್ಟೀರಾಯ್ಡಿನಲ್ಲಿ.

ಈ ಸೂಜಿಯ ಮೂಲದ್ರವ್ಯ ಟೆಸ್ಟೋಸ್ಟೆರಾನ್. ೧೯೩೫ರಲ್ಲಿ ಪ್ರಯೋಗಶಾಲೆಯಲ್ಲಿ ಇದನ್ನು ತಯಾರಿಸಿದ ಬುಟೆನಾಂಟ್ ಮತ್ತು ರುಜಿಚ್ಕಾ ಇಬ್ಬರೂ ೧೯೩೯ರ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. ಮೀಸೆ ಮೂಡಿಸುವುದೂ ಸ್ನಾಯು ಬಲಿಯಿಸುವುದೂ ಇದೇ. ಹಾಗಾದರೆ ಹೆಚ್ಚು ಹಾಕಿಸಿಕೊಂಡಷ್ಟೂ ಪೌರುಷ ಹೆಚ್ಚಬೇಕಲ್ಲವೆ? ನಮ್ಮ ಮಿತ್ರರ ತರ್ಕವೂ ಇಷ್ಟೇ. ಆದರೆ ದೇಹದ ಲೆಕ್ಕ ಬೇರೆ. ಕೆರೆಯ ತೂಬಿಗೆ ನೀರಗಂಟಿಯಿರುವಂತೆ ಮೆದುಳಿನ ಬುಡದಲ್ಲಿ ಪಿಟ್ಯೂಟರಿ ಗ್ರಂಥಿಯಿದೆ. ರಕ್ತದಲ್ಲಿ ಈ ದ್ರವ್ಯ ತುಂಬಿ ಹರಿಯುವುದನ್ನು ಕಂಡೊಡನೆ ಅದು ತೂಬು ಮುಚ್ಚುತ್ತದೆ. ವೃಷಣಗಳಿಗೆ ಕೆಲಸದ ಅಪ್ಪಣೆ ಬರುವುದು ನಿಲ್ಲುತ್ತದೆ. ಕೆಲಸವಿಲ್ಲದ ವೃಷಣ ಕುಗ್ಗುತ್ತದೆ, ವೀರ್ಯಾಣು ಹುಟ್ಟುವುದು ನಿಲ್ಲುತ್ತದೆ. ಮಿಕ್ಕ ಹಾರ್ಮೋನಿನ ಒಂದು ಪಾಲು ಸ್ತ್ರೀ ಹಾರ್ಮೋನಾಗಿ ಮಾರ್ಪಟ್ಟು ಗಂಡಸಿಗೆ ಎದೆ ಬೆಳೆಯುವುದೂ ಉಂಟು!

ಇದು ಹೆದರಿಸುವ ಕಥೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಪುರುಷರಿಗಾಗಿ ಒಂದು ಗರ್ಭನಿರೋಧಕವನ್ನು ಪರೀಕ್ಷಿಸಿ ೧೯೯೦ರಲ್ಲಿ ಫಲಿತಾಂಶ ಪ್ರಕಟಿಸಿತು. ಕೊಟ್ಟ ಔಷಧಿ ಯಾವುದು? ವಾರಕ್ಕೆ ೨೦೦ ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಸೂಜಿ. ಆರು ತಿಂಗಳೊಳಗೆ ಸುಮಾರು ಮೂರರಲ್ಲಿ ಎರಡು ಪಾಲು ಗಂಡಸರ ವೀರ್ಯದಲ್ಲಿ ಒಂದು ವೀರ್ಯಾಣುವೂ ಉಳಿಯಲಿಲ್ಲ. ಮಕ್ಕಳಾಗದಿರಲೆಂದು ವಿಜ್ಞಾನಿಗಳು ಹಾಕಿದ ಸೂಜಿಯನ್ನೇ ನಮ್ಮವರು ಗಂಡಸುತನಕ್ಕೆಂದು, ಅನೇಕ ವೇಳೆ ಅದರ ಹಲವು ಪಟ್ಟು, ಹಾಕಿಸಿಕೊಳ್ಳುತ್ತಿದ್ದಾರೆ. ನಿಲ್ಲಿಸಿದರೆ ಬಹುಮಂದಿಗೆ ಹೋದದ್ದು ಮರಳುತ್ತದೆ, ನಿಜ. ಆದರೆ ತಿಂಗಳುಗಳು, ಕೆಲವರಿಗೆ ವರ್ಷಗಳೇ ಬೇಕು. ಆ ನಡುವಿನ ಕಾಲದಲ್ಲಿ ಕಾಮವೂ ಕುಂದಿ, ಮನಸ್ಸೂ ಕುಸಿದು, ಹುಡುಗನು ಬಸ್ ನಿಲ್ದಾಣದ ಗೋಡೆಯ ಜಾಹೀರಾತನ್ನು ಓದತೊಡಗುತ್ತಾನೆ. ಅಲ್ಲಿ 'ಗಿಡಮೂಲಿಕೆ'ಯ ಮಾತ್ರೆ ಕಾದಿರುತ್ತದೆ. ಇಂಥ ಹಲವು ಮಾತ್ರೆಗಳಲ್ಲಿ ಹೆಸರು ಹೇಳದೆ ಸಿಲ್ಡೆನಾಫಿಲ್ ಬೆರೆಸಿದ್ದನ್ನು ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಮತ್ತೆ ಮತ್ತೆ ಪತ್ತೆಹಚ್ಚಿದೆ. ಹೃದ್ರೋಗಕ್ಕೆ ನೈಟ್ರೇಟ್ ಸೇವಿಸುವ ಹಿರಿಯರು ಅದನ್ನು ನುಂಗಿದರೆ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಇಳಿಯಬಹುದು.

ಸೋದರಿಯರನ್ನು ಮರೆತಿಲ್ಲ. ಅವರಿಗೆ ವ್ಯಾಪಾರಿಯು ಬಲವನ್ನಲ್ಲ, ನಾಚಿಕೆಯನ್ನು ಮಾರುತ್ತಾನೆ. ಯೋನಿಯೊಳಗೆ ಲ್ಯಾಕ್ಟೋಬ್ಯಾಸಿಲಸ್ ಎಂಬ ಸೂಕ್ಷ್ಮಜೀವಿಗಳಿವೆ. ಮೊಸರು ಹುಳಿಯಾಗಿಸುವವರ ಬಳಗ. ಅವು ಒಳಗನ್ನು ಆಮ್ಲೀಯವಾಗಿಟ್ಟು ಸೋಂಕನ್ನು ತಡೆಯುತ್ತವೆ. ಸುವಾಸನೆಯ ದ್ರವದಿಂದ ಒಳಗನ್ನು ತೊಳೆದರೆ ಕಾವಲುಗಾರರನ್ನೇ ಹೊರದೂಡಿದಂತೆ. ಹೊರಗೆ ಬರಿಯ ನೀರು ಸಾಕು, ಒಳಗೆ ಅದೂ ಬೇಡ.

ಬಚ್ಚಲಿನ ಎಣ್ಣೆಯ ವಿಷಯವನ್ನು ಯಾರೂ ಹೇಳುವುದಿಲ್ಲವಾದ್ದರಿಂದ ಹೇಳುತ್ತೇನೆ. ಲೇಟೆಕ್ಸ್ ನಿರೋಧಕ್ಕೆ ಎಣ್ಣೆ ಶತ್ರು. ೧೯೮೯ರ ಒಂದು ಪ್ರಯೋಗದಲ್ಲಿ ಖನಿಜ ತೈಲ ತಾಗಿದ ೬೦ ಸೆಕೆಂಡಿನಲ್ಲಿ ಅದರ ಬಲ ಶೇಕಡಾ ೯೦ರಷ್ಟು ಕುಗ್ಗಿತು. ಮಗುವಿನ ಮೈಗೆ ಹಚ್ಚುವ ಬೇಬಿ ಆಯಿಲ್ ಬಹುಮಟ್ಟಿಗೆ ಅದೇ ತೈಲ.

ಇನ್ನು ಸುಗಂಧದ್ರವ್ಯಗಳಲ್ಲಿನ ಥ್ಯಾಲೇಟುಗಳು. ಇವುಗಳಲ್ಲಿ ಕೆಲವನ್ನು ಐರೋಪ್ಯ ಒಕ್ಕೂಟವು ಪ್ರಸಾಧನ ಸಾಮಗ್ರಿಗಳಲ್ಲಿ ನಿಷೇಧಿಸಿದೆ. ಸುವಾಸನೆಯಿಲ್ಲದ್ದನ್ನು ಆರಿಸಿಕೊಂಡರೆ ನಷ್ಟವೇನೂ ಇಲ್ಲ. ಆದರೆ ಷಾಂಪೂವಿಗೆ ನಡುಗಿ ಸೂಜಿಗೆ ತೋಳೊಡ್ಡುವುದು, ಆನೆಗೆ ಬಾಗಿಲು ತೆರೆದು ಸೊಳ್ಳೆಗೆ ಪರದೆ ಕಟ್ಟಿದಂತೆ.

ಇದನ್ನೆಲ್ಲ ಕನ್ನಡದಲ್ಲಿ ಹೇಳುವುದು ಹೇಗೆಂದು ಅಧ್ಯಾಪಕರು ಸಂಕೋಚಪಡಬೇಕಾಗಿಲ್ಲ. ವೈದ್ಯೆ ಅನುಪಮಾ ನಿರಂಜನ ಅವರು 'ದಾಂಪತ್ಯ ದೀಪಿಕೆ' ಬರೆದು ದಾರಿ ತೋರಿಸಿದ್ದಾರೆ. ವರ್ಷಕ್ಕೊಮ್ಮೆ ಒಬ್ಬ ವೈದ್ಯರನ್ನು ಕರೆಸಿ, ಹೆಸರಿಲ್ಲದ ಚೀಟಿಗಳಲ್ಲಿ ಪ್ರಶ್ನೆ ಕೇಳುವ ಒಂದು ಗಂಟೆಯನ್ನು ನಮಗೆ ಕೊಡಿ. ಈಗಾಗಲೇ ಸೂಜಿ ಹಾಕಿಸಿಕೊಂಡಿರುವ ಮಿತ್ರರು ಆ ಗಂಟೆಗೆ ಕಾಯುವುದು ಬೇಡ. ಜಿಮ್ಮಿನವನು ಕೊಡುವ ಇನ್ನೊಂದು ಮಾತ್ರೆಯಿಂದ ಸರಿಪಡಿಸಿಕೊಳ್ಳಲು ಹೋಗದೆ, ನೇರವಾಗಿ ಹಾರ್ಮೋನು ತಜ್ಞರ ಬಳಿ ಹೋಗಿ, ಏನು ಹಾಕಿಸಿಕೊಂಡಿರಿ, ಎಷ್ಟು ದಿನ ಎಂಬುದನ್ನು ಮುಚ್ಚಿಡದೆ ಹೇಳಿ.